ಅಂಗಳ ಅಗೆಯದೆ ಒಂದು ಮಳೆಮರೆ

ಆಟಿ ತಿಂಗಳೆಂದರೆ ನಮ್ಮ ಕಡೆಯ ಅಡಿಗೆಮನೆಗಳಲ್ಲಿ ತರಕಾರಿಗೆ ಬರಗಾಲ. ಕಾಸರಗೋಡಿನಲ್ಲಿ ವರ್ಷಕ್ಕೆ ಬೀಳುವ ಸುಮಾರು 3,500 ಮಿಲ್ಲಿಮೀಟರ್ ಮಳೆಯ ಬಹುಪಾಲು ಜೂನ್‌ನಿಂದ ಸಪ್ಟೆಂಬರಿನೊಳಗೆ ಸುರಿದು ಮುಗಿಯುತ್ತದೆ. ಹರಿವೆ ಕೊಳೆಯುತ್ತದೆ, ಮೆಣಸಿನ ಹೂ ಉದುರುತ್ತದೆ. ಹಿರಿಯರು ಕೆಸುವಿನೆಲೆ, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಗಳಿಂದ ಈ ದಿನಗಳನ್ನು ಸಾಗಿಸಿದರು. ನಾವೋ, ಘಟ್ಟ ಇಳಿದು ಬರುವ ಲಾರಿಯ ದಾರಿ ಕಾಯುತ್ತೇವೆ.

ಎಡನೀರಿನಲ್ಲಿ ನಮ್ಮದು ಬಾಡಿಗೆ ಮನೆ. ಅಂಗಳವಿಡೀ ಇಂಟರ್‌ಲಾಕ್ ಹಾಸಿದೆ. ಮಳೆಮರೆ ಕಟ್ಟಬೇಕೆಂದಾಗ ಯಜಮಾನರು ಹೇಳಿದ್ದು ಒಂದೇ ಮಾತು: "ಮಾಸ್ಟ್ರೇ, ಏನು ಬೇಕಾದರೂ ಬೆಳೆಸಿ, ಒಂದು ಗುಂಡಿಯೂ ತೋಡಬಾರದು."

ಮೊದಲ ವರ್ಷ ನಾಲ್ಕು ಮೂಲೆಗೆ ನಾಲ್ಕು ಕೆಂಪುಕಲ್ಲು ಹೇರಿ ಟರ್ಪಾಲು ಹೊದೆಸಿದೆವು. ಜೂನ್‌ನ ಒಂದು ರಾತ್ರಿ ಗಾಳಿ ಬಂತು. ಬೆಳಿಗ್ಗೆ ನೋಡಿದರೆ ಮಾಡು ನೆರೆಮನೆಯ ಅಡಕೆ ತೋಟದಲ್ಲಿ ಬಿದ್ದಿತ್ತು. ಸಸಿಗಳೆಲ್ಲ ಮುರಿದಿದ್ದವು.

ಆಮೇಲೆ ಲೆಕ್ಕ ಹಾಕಿದೆವು. ಗಂಟೆಗೆ 60 ಕಿಲೋಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಸುಮಾರು 17 ಕಿಲೋ ಭಾರದಷ್ಟು ಒತ್ತುತ್ತದೆ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ. 10 ಅಡಿ ಉದ್ದ, 5 ಅಡಿ ಎತ್ತರದ ಮರೆಯ ಒಂದು ಬದಿಯ ಮೇಲೆಯೇ 75 ಕಿಲೋ ಮೀರುತ್ತದೆ. ನಾಲ್ಕು ಕಲ್ಲು ಯಾವ ಲೆಕ್ಕಕ್ಕೆ?

ಎರಡನೆಯ ಸಲ ಪಿ.ವಿ.ಸಿ. ಕೊಳವೆಯಿಂದ 10 ಅಡಿ ಉದ್ದ, 6 ಅಡಿ ಅಗಲದ ಚೌಕಟ್ಟನ್ನು ನೆಲದ ಮೇಲೆ ಹಾಸಿದೆವು. ಅದಕ್ಕೆ 'ಟೀ' ಜೋಡಿಸಿ, 13 ಅಡಿಯ ಕೊಳವೆಗಳನ್ನು ಕಮಾನಾಗಿ ಬಾಗಿಸಿ ಸಿಕ್ಕಿಸಿದೆವು. ಎತ್ತರ ಸುಮಾರು 5 ಅಡಿ ಬಂತು. ತಲಾ 20 ಕಿಲೋದ ಹತ್ತು ಮರಳ ಚೀಲಗಳನ್ನು ಮೂಲೆಗಳಲ್ಲಿ ಮಾತ್ರವಲ್ಲದೆ ಚೌಕಟ್ಟಿನ ಸುತ್ತಲೂ ಹೇರಿ ಕಟ್ಟಿದೆವು. ಮರಳಿಲ್ಲದವರು 20 ಲೀಟರಿನ ಕ್ಯಾನುಗಳಿಗೆ ನೀರು ತುಂಬಿಸಬಹುದು, ಭಾರ ಅಷ್ಟೇ. ಹೊದಿಕೆಗೆ ಬಿಸಿಲು ತಾಳುವ 200 ಮೈಕ್ರಾನ್ ಹಾಳೆಯೇ ಬೇಕು. ಸಾಧಾರಣ ಪ್ಲಾಸ್ಟಿಕ್ ಬೇಗನೆ ಪುಡಿಯಾಗುತ್ತದೆ. ಗಾಳಿಯಾಡಲು ಎರಡೂ ತುದಿಗೆ ಬಲೆ ಕಟ್ಟಿ, ಬದಿಗಳಲ್ಲಿ ನೆಲದಿಂದ ಒಂದಡಿ ತೆರವು ಬಿಟ್ಟೆವು. ಬಿರುಗಾಳಿಯ ಮುನ್ಸೂಚನೆ ಬಂದ ದಿನ ಹಾಳೆಯನ್ನು ಬಿಚ್ಚಿ ಒಳಗಿಡುತ್ತೇವೆ. ಇಷ್ಟು ಭಾರವೂ ಬಿರುಗಾಳಿಗೆ ಸಾಲದು.

ಗಿಡಗಳೆಲ್ಲ ಚೀಲಗಳಲ್ಲಿ. ಅಂಗಳದ ನೀರು ಬುಡಕ್ಕೆ ತಾಗದಂತೆ ಚೀಲದಡಿಗೆ ಹೆಂಚಿನ ತುಂಡು. ಹಸಿಮೆಣಸು, ಬೆಂಡೆ, ಅಲಸಂಡೆ ಆರಿಸಿಕೊಂಡೆವು, ಇವು ಜೇನ್ನೊಣಕ್ಕೆ ಹೆಚ್ಚು ಕಾಯುವುದಿಲ್ಲ. ಆದರೂ ಒಂದು ತಪ್ಪಾಯಿತು. ಜಡಿಮಳೆಯ ನಡುವೆ ಸಸಿಗಳು ಬಾಡತೊಡಗಿದವು. ಕಾರಣ ಹೇಳಿದವರು ನಮ್ಮ ಅಮ್ಮ: "ಹೊರಗೆ ಹೊಳೆ ಹರಿಯುತ್ತಿದೆ, ಒಳಗಿನವಕ್ಕೆ ಕುಡಿಯಲು ಕೊಟ್ಟವರು ಯಾರು?" ಅಂದಿನಿಂದ ಕೊಡೆ ಹಿಡಿದು ನೀರುಣಿಸುವುದು ರೂಢಿಯಾಯಿತು.

ಇದನ್ನು ಬರೆಯುವುದಕ್ಕೆ ಇನ್ನೊಂದು ಕಾರಣವಿದೆ. ಕೇರಳದ ಕೃಷಿ ಇಲಾಖೆ ಮಳೆಮರೆಗೆ ಸಹಾಯಧನ ಕೊಡುತ್ತ ಬಂದಿದೆ. ಆದರೆ ನಮ್ಮ ಕೈಗೆ ಸಿಕ್ಕಿದ ಕರಪತ್ರ ಮಲಯಾಳದಲ್ಲಿ ಮಾತ್ರವಿತ್ತು. ಐವತ್ತು ವರ್ಷ ಬಸಳೆ ಚಪ್ಪರ ಕಟ್ಟಿದ ಅಮ್ಮ ಅದನ್ನು ತಿರುಗಿಸಿ ನೋಡಿ ನಮ್ಮ ಕೈಗೇ ಕೊಟ್ಟರು. ಓದಿ ಹೇಳಿದ ಮೇಲೆ ಅವರು ಕೇಳಿದ ಪ್ರಶ್ನೆಗಳಿಂದಲೇ ನಮ್ಮ ಎರಡನೆಯ ಮಾಡು ನಿಂತಿತು. ಓದಿ ಹೇಳುವವರಿಲ್ಲದ ಮನೆಗಳೂ ಇವೆ.

ಮಲಯಾಳದವರು ಅದನ್ನು 'ಮೞಮರ' ಎನ್ನುತ್ತಾರೆ. ಹಳಗನ್ನಡದಲ್ಲಿ ನಮಗೂ ಅದು 'ಮೞೆ'ಯೇ ಆಗಿತ್ತೆಂದು ತರಗತಿಯಲ್ಲಿ ಹೇಳಿದಾಗ ಮಕ್ಕಳು ನಕ್ಕರು. ಮರುದಿನ ಇಬ್ಬರು ಅಳತೆ ಬರೆದುಕೊಳ್ಳಲು ಮನೆಗೆ ಬಂದರು. ಅವರ ಪುಸ್ತಕದಲ್ಲಿ ಬರೆಸಿದ ಅಳತೆಯನ್ನೇ ಇಲ್ಲಿಯೂ ಕೊಟ್ಟಿದ್ದೇವೆ.