ಲೂಯೀಸ್ ಫರಾಂಕ್ : ಜೀವನ ಮತ್ತು ಕೃತಿಗಳು

ಷೋಪ್ಯಾನ್, ಲಿಸ್ಟ್, ಷೂಮನ್ ಇವರ ಹೆಸರುಗಳು ಪಾಶ್ಚಾತ್ಯ ಸಂಗೀತದ ಚರಿತ್ರೆಯನ್ನು ಓದುವವರಿಗೆಲ್ಲ ಸುಪರಿಚಿತವಾದವು. ಅವರ ಸಮಕಾಲೀನಳೂ, ಪ್ಯಾರಿಸ್ ಸಂಗೀತಶಾಲೆಯಲ್ಲಿ ಸುಮಾರು ಮೂವತ್ತು ವರ್ಷ ಪಿಯಾನೋ ಪ್ರಾಧ್ಯಾಪಕಳೂ, ಮೂರು ಸಿಂಫನಿಗಳ ಕರ್ತೃವೂ ಆಗಿದ್ದ ಲೂಯೀಸ್ ಫರಾಂಕಳ ಹೆಸರು ಮಾತ್ರ ಒಂದು ಶತಮಾನಕಾಲ ಆ ಚರಿತ್ರೆಯ ಪುಟಗಳಿಂದ ಬಹುಮಟ್ಟಿಗೆ ಮರೆಯಾಗಿತ್ತು. ಸ್ತ್ರೀಯಾದುದರಿಂದ ಹೀಗಾಯಿತೆಂದು ಹೇಳಿ ಸುಮ್ಮನಾಗುವುದು ಸುಲಭ. ಅದು ಸುಳ್ಳಲ್ಲ; ಆದರೆ ಪೂರ್ಣಸತ್ಯವೂ ಅಲ್ಲವೆಂದು ನಮ್ಮ ಅಭಿಪ್ರಾಯ.

ಈಕೆ 1804ರ ಮೇ 31ರಂದು ಪ್ಯಾರಿಸ್ಸಿನಲ್ಲಿ, ಶಿಲ್ಪಿಗಳ ಮನೆತನವೊಂದರಲ್ಲಿ ಜನಿಸಿದಳು. ಬಾಸ್ಟೀಲ್ ಚೌಕದ ಸ್ತಂಭದ ತುದಿಯಲ್ಲಿರುವ ಸ್ವಾತಂತ್ರ್ಯದ ಪ್ರತಿಮೆ ಈಕೆಯ ಸೋದರ ಒಗ್ಯುಸ್ತ್ ದ್ಯೂಮೋನನ ಕೃತಿ. ಬೀಥೋವನನ ಬಾಲ್ಯಸ್ನೇಹಿತನಾಗಿದ್ದ ರೈಖಾನಲ್ಲಿ ಸಂಗೀತರಚನೆಯನ್ನು ಕಲಿತು, 1821ರಲ್ಲಿ ಕೊಳಲುವಾದಕನೂ ಸಂಗೀತಪ್ರಕಾಶಕನೂ ಆದ ಆರಿಸ್ತೀಡ್ ಫರಾಂಕನನ್ನು ಮದುವೆಯಾದಳು. 1836ರಲ್ಲಿ ಷೂಮನ್ ಈಕೆಯ ಪಿಯಾನೋ ರಚನೆಯೊಂದನ್ನು ಮೆಚ್ಚಿ ವಿಮರ್ಶೆ ಬರೆದನು. ಎಲ್ಲ ಶ್ರುತಿಗಳಲ್ಲಿಯೂ ರಚಿತವಾದ ಈಕೆಯ ಮೂವತ್ತು ಅಭ್ಯಾಸಕೃತಿಗಳು ಸಂಗೀತಶಾಲೆಯ ಪಠ್ಯವಾದುವು.

1842ರಲ್ಲಿ ಈಕೆ ಆ ಶಾಲೆಯ ಪ್ರಾಧ್ಯಾಪಕಳಾದಳು. ಕಲಿಸುತ್ತಿದ್ದುದು ವಿದ್ಯಾರ್ಥಿನಿಯರಿಗೆ ಮಾತ್ರ; ವೇತನವಾದರೋ ಪುರುಷ ಸಹೋದ್ಯೋಗಿಗಳದಕ್ಕಿಂತ ಕಡಿಮೆ. 1850ರಲ್ಲಿ ಈಕೆಯ ನವವಾದ್ಯ ಕೃತಿ ಪ್ಯಾರಿಸ್ಸಿನಲ್ಲಿ ನುಡಿಸಲ್ಪಟ್ಟಿತು. ನಾಲ್ಕು ತಂತಿವಾದ್ಯಗಳೂ ಐದು ಗಾಳಿವಾದ್ಯಗಳೂ ಸೇರಿದ ಆ ಮೇಳದಲ್ಲಿ ಪಿಟೀಲು ನುಡಿಸಿದವನು ಹದಿಹರೆಯದ ಯೊವಾಕಿಂ. ಕೃತಿ ಅಪೂರ್ವ ಯಶಸ್ಸನ್ನು ಗಳಿಸಿತು. ಅದೇ ವರ್ಷದ ನವೆಂಬರಿನಲ್ಲಿ ಲೂಯೀಸ್ ನಿರ್ದೇಶಕನಾದ ಓಬೇರನಿಗೆ ಪತ್ರ ಬರೆದು ಸಮಾನವೇತನವನ್ನು ಕೇಳಿದಳು, ಪಡೆದಳು. ಎಂಟು ವರ್ಷ ಕಾಯಬೇಕಾಗಿ ಬಂದುದನ್ನೂ ಅಧ್ಯಾಪಕರಾದ ನಮ್ಮ ಓದುಗರು ಗಮನಿಸದಿರರು.

ಹೀಗೆ ಜೀವಿತಕಾಲದಲ್ಲಿ ಈಕೆಗೆ ಮನ್ನಣೆಯ ಕೊರತೆಯಿರಲಿಲ್ಲ. ಮೂರನೆಯ ಸಿಂಫನಿ 1849ರಲ್ಲಿ ಸಂಗೀತಶಾಲೆಯ ಪ್ರಸಿದ್ಧ ವಾದ್ಯವೃಂದದಿಂದಲೇ ನುಡಿಸಲ್ಪಟ್ಟಿತು. 1861 ಮತ್ತು 1869ರಲ್ಲಿ ಲಲಿತಕಲೆಗಳ ಅಕಾಡೆಮಿಯ ಷಾರ್ತಿಯೇ ಬಹುಮಾನವೂ ದೊರೆಯಿತು. ಆದರೆ ಅಂದಿನ ಪ್ಯಾರಿಸ್ಸಿಗೆ ಒಪೆರಾ ಒಂದೇ ಸಂಗೀತ. ಸಿಂಫನಿ ಬರೆದ ಫ್ರೆಂಚನು ಪುರುಷನಾದರೂ ಪ್ರಕಾಶಕನನ್ನು ಹುಡುಕಿ ಅಲೆಯಬೇಕಾಗಿತ್ತು. ಈಕೆಯ ಪಿಯಾನೋ ಕೃತಿಗಳು ಅಚ್ಚಾದುವು. ಮೂರು ಸಿಂಫನಿಗಳಲ್ಲಿ ಒಂದೂ ಆಕೆಯ ಜೀವಿತಾವಧಿಯಲ್ಲಿ ಅಚ್ಚಾಗಲಿಲ್ಲ. ನಮ್ಮಲ್ಲಿ ಕೃತಿಯೊಂದು ಶಿಷ್ಯರ ಕಂಠದಲ್ಲಿ ಬದುಕಿಕೊಳ್ಳಬಲ್ಲುದು. ಹತ್ತಾರು ವಾದ್ಯಗಳಿಗೆ ಬೇರೆ ಬೇರೆ ಸ್ವರಪಾಠವಿರುವ ಸಿಂಫನಿಗೆ ಆ ಆಶ್ರಯವಿಲ್ಲ. ಪ್ರತಿಗಳು ದೊರೆಯದಿದ್ದರೆ ವಾದ್ಯವೃಂದ ಮೌನವಾಗಿರಬೇಕಾಗುತ್ತದೆ. ಮುಖ್ಯ ಕಾರಣ ಇಲ್ಲಿದೆಯೆಂದು ನಾವು ತಿಳಿಯುತ್ತೇವೆ.

1859ರಲ್ಲಿ ಏಕಮಾತ್ರ ಪುತ್ರಿಯೂ ನಿಪುಣ ಪಿಯಾನೋವಾದಕಿಯೂ ಆದ ವಿಕ್ಟೋರೀನ್ ದೀರ್ಘವ್ಯಾಧಿಯಿಂದ ಮೃತಳಾದಳು. ಅಲ್ಲಿಂದ ಮುಂದೆ ತಾಯಿ ಹೊಸದಾಗಿ ರಚಿಸಿದುದು ಅತ್ಯಲ್ಪ. ದಂಪತಿಗಳು ಅನ್ಯರ ಮರೆತ ಕೃತಿಗಳ ಉದ್ಧಾರಕ್ಕೆ ಕೈಹಾಕಿದರು. 'ಪಿಯಾನೋವಾದಕರ ನಿಧಿ' ಎಂಬ ಮಾಲೆ 1861ರಲ್ಲಿ ಆರಂಭವಾಯಿತು. ಕೂಪೆರಾನ್, ರಾಮೋ, ಸ್ಕಾರ್ಲಾಟಿ ಮೊದಲಾದ ಪ್ರಾಚೀನರ ರಚನೆಗಳು ಅದರಲ್ಲಿ ಬೆಳಕು ಕಂಡುವು. 1865ರಲ್ಲಿ ಪತಿ ತೀರಿಕೊಂಡ ಮೇಲೆ ಲೂಯೀಸ್ ಒಬ್ಬಳೇ ಕಾರ್ಯವನ್ನು ಮುಂದುವರಿಸಿ, 1874ರ ವೇಳೆಗೆ 23 ಸಂಪುಟಗಳನ್ನು ಪೂರೈಸಿದಳು. ಆ ಪ್ರಾಚೀನರ ಗಮಕಚಿಹ್ನೆಗಳನ್ನು ನುಡಿಸುವ ಕ್ರಮವನ್ನೂ ಈಕೆ ವಿವರಿಸಿದ್ದಾಳೆ. ತನ್ನ ಸಿಂಫನಿಗಳ ಹಸ್ತಪ್ರತಿಗಳಿಗೆ ಈ ಶ್ರಮದ ಫಲ ದಕ್ಕಲಿಲ್ಲ. 1875ರ ಸೆಪ್ಟೆಂಬರ್ 15ರಂದು ಈಕೆ ನಿಧನಹೊಂದಿದಳು.

ಸಿಂಫನಿಗಳ ಶುದ್ಧಪಾಠ ಜರ್ಮನಿಯಲ್ಲಿ ಅಚ್ಚಾಗತೊಡಗಿದುದು ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ. ಈಗ ಮೂರರ ಧ್ವನಿಮುದ್ರಣಗಳೂ ದೊರೆಯುತ್ತವೆ. ಕೇಳಬಯಸುವವರು ಮೂರನೆಯದರಿಂದ ತೊಡಗುವುದು ಲೇಸು. ಅದರ ಮೊದಲ ಸ್ವರಗಳನ್ನು ಓಬೋ ಒಂದೇ ನುಡಿಸುತ್ತದೆ.