ಮನೆಯ ಫೋಟೋಗಳು ಉಳಿಯಲಿ

ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಸಿಗುವ ತಾಂಡವಪುರ ಕಾರ್ಖಾನೆಗಳಿರುವ ಊರು. ಕೆಲಸಕ್ಕೆಂದು ನಮ್ಮ ಕರಾವಳಿಯಿಂದ ಹೋಗಿ ಅಲ್ಲಿ ನೆಲೆಸಿದ ಒಂದು ಕುಟುಂಬವನ್ನು ನಾವು ಭೇಟಿ ಮಾಡಿದ್ದೆವು. ಮಾತಿನ ನಡುವೆ ಮನೆಯೊಡತಿ ಹಳೆಯ ಆಲ್ಬಮ್ ತಂದು ಮುಂದಿಟ್ಟರು. 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ನಂಜನಗೂಡಿಗೆ ನೆರೆ ಬಂದಾಗ ಅದು ಅಲ್ಲಿನ ಸಂಬಂಧಿಕರ ಮನೆಯಲ್ಲಿತ್ತು. ನೀರು ಇಳಿದ ಮೇಲೆ ಅದನ್ನು ಮುಚ್ಚಿದಂತೆಯೇ ಬಿಸಿಲಿಗಿಟ್ಟರು. ಒಣಗಿದಾಗ ಫೋಟೋಗಳೆಲ್ಲ ಒಂದಕ್ಕೊಂದು ಅಂಟಿ ಹಲಗೆಯಂತಾಗಿದ್ದವು. ಬಿಡಿಸಲು ಹೋದರೆ ಮುಖಗಳೇ ಕಿತ್ತು ಬಂದವು. "ಫಾದರ್, ನಮ್ಮ ಅಮ್ಮನ ಫೋಟೋ ಅಂತ ಇದ್ದದ್ದು ಇದರಲ್ಲೇ" ಎಂದರು.

ಹೀಗಾಗಲು ಕಾರಣವಿದೆ. ಹಳೆಯ ಫೋಟೋಗಳಲ್ಲಿ ಚಿತ್ರವಿರುವುದು ಕಾಗದದ ಮೇಲಿನ ಜಿಲೆಟಿನ್ ಎಂಬ ತೆಳು ಪದರದಲ್ಲಿ. ನೀರಿನಲ್ಲಿ ಅದು ಉಬ್ಬಿ ಮೆತ್ತಗಾಗುತ್ತದೆ. ಒಣಗುವಾಗ ಅಂಟಿನಂತೆ ಹಿಡಿದುಕೊಳ್ಳುತ್ತದೆ. ಆದುದರಿಂದ ನೆನೆದ ಫೋಟೋಗಳನ್ನು ಒದ್ದೆ ಇರುವಾಗಲೇ, ಎರಡು ದಿನಗಳ ಒಳಗೆ, ಶುದ್ಧ ತಣ್ಣೀರಿನಲ್ಲಿಟ್ಟು ನಿಧಾನವಾಗಿ ಬಿಡಿಸಬೇಕು. ಮುಖಭಾಗವನ್ನು ಉಜ್ಜಬಾರದು. ಚಿತ್ರ ಮೇಲೆ ಬರುವಂತೆ ಬಟ್ಟೆಯ ಮೇಲೆ ಹರಡಿ ನೆರಳಿನಲ್ಲಿ ಒಣಗಿಸಬೇಕು. ಪ್ರತಿ ಮಳೆಗಾಲವನ್ನೂ ಹೆದರಿಕೆಯಿಂದ ಕಳೆಯುವ ನಮ್ಮ ಹೊಳೆಬದಿಯ ವಾಳೆಗಳವರು ಇದನ್ನು ತಿಳಿದಿರುವುದು ಒಳ್ಳೆಯದು.

"ಈಗ ಎಲ್ಲವೂ ಮೊಬೈಲಿನಲ್ಲಿದೆಯಲ್ಲ" ಎನ್ನುವವರಿದ್ದಾರೆ. ಧರ್ಮಕೇಂದ್ರವೊಂದರ ಸ್ಮರಣ ಸಂಚಿಕೆಯ ಸಂಪಾದನೆಗೆ ಕುಳಿತಾಗ ನಮಗಾದ ಅನುಭವ ಬೇರೆ. 1960ರ ದಶಕದ ಪ್ರಥಮ ಪರಮಪ್ರಸಾದದ ಮಕ್ಕಳ ಗ್ರೂಪ್ ಫೋಟೋ ಒಂದು ಮನೆಯ ಟ್ರಂಕಿನಲ್ಲಿ ಸಿಕ್ಕಿತು. 2005ರ ಸುಮಾರಿನ ಹಬ್ಬದ ಒಂದು ಚಿತ್ರವೂ ಸಿಗಲಿಲ್ಲ. ಸಿ.ಡಿ.ಗಳಿದ್ದವು, ಆದರೆ ತೆರೆಯಲಿಲ್ಲ. ಆರ್ಕುಟ್‌ನಲ್ಲಿ ಹಾಕಿದ್ದೆವು ಎಂದರು ಕೆಲವು ಯುವಕರು. ಆ ತಾಣ 2014ರ ಸೆಪ್ಟೆಂಬರ್ 30ರಂದು ಮುಚ್ಚಿಹೋಗಿದೆ. ಅಂತರ್ಜಾಲವನ್ನು ರೂಪಿಸಿದವರಲ್ಲಿ ಒಬ್ಬರಾದ ವಿಂಟ್ ಸರ್ಫ್ ಗೂಗಲ್‌ನ ಉಪಾಧ್ಯಕ್ಷರಾಗಿದ್ದಾಗಲೇ, 2015ರಲ್ಲಿ, ನಿಮಗೆ ಬೇಕೇಬೇಕೆನಿಸುವ ಫೋಟೋಗಳನ್ನು ಪ್ರಿಂಟ್ ಹಾಕಿಸಿಕೊಳ್ಳಿ ಎಂದು ಸಲಹೆ ಕೊಟ್ಟಿದ್ದರು. ಗಣಕಯಂತ್ರವನ್ನು ಅವರಿಗಿಂತ ಹೆಚ್ಚು ಬಲ್ಲವರು ನಮ್ಮಲ್ಲಿ ಯಾರಿದ್ದಾರೆ?

ಬಾಸೆಲ್ ಮಿಷನರಿಗಳು 19ನೇ ಶತಮಾನದಲ್ಲಿ ಮಂಗಳೂರಿನಲ್ಲಿ ತೆಗೆಸಿದ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನ ದಾಖಲಾಗಾರದಲ್ಲಿವೆ. ಇಂದು ಅವುಗಳನ್ನು ಅಂತರ್ಜಾಲದಲ್ಲೂ ನೋಡಬಹುದು. ಕಾಗದ ಉಳಿದದ್ದರಿಂದಲೇ ಅದು ಸಾಧ್ಯವಾಯಿತು. ಡಿಜಿಟಲ್ ಪ್ರತಿಗೆ ನಮ್ಮ ವಿರೋಧವಿಲ್ಲ, ಎರಡೂ ಇರಲಿ.

ಎಲ್ಲ ಕಾಗದವೂ ಒಂದೇ ಅಲ್ಲವೆನ್ನಿ. ಕಪ್ಪು-ಬಿಳುಪು ಫೋಟೋದಲ್ಲಿರುವುದು ಬೆಳ್ಳಿಯ ಕಣಗಳು. ಸರಿಯಾಗಿ ತೊಳೆದಿದ್ದರೆ ನೂರು ವರ್ಷಕ್ಕೂ ಮಿಕ್ಕಿ ಬಾಳುತ್ತದೆ. ಕಲರ್ ಫೋಟೋದಲ್ಲಿರುವುದು ಬಣ್ಣದ ರಾಸಾಯನಿಕ. 1970ರ ದಶಕದ ಮದುವೆ ಫೋಟೋಗಳು ಕೆಂಪಾಗಿರುವುದನ್ನು ನೀವೂ ಕಂಡಿರಬಹುದು. ಅಂಥವನ್ನು ಮೊದಲು ಸ್ಕ್ಯಾನ್ ಮಾಡಿಸಿ. ಸೆಲ್ಲೋಟೇಪ್ ಬೇಡ, ಅಂಟು ಹಾಳೆಯ ಆಲ್ಬಮ್ ಬೇಡ, ತೇವದ ಗೋಡೆಯೂ ಬೇಡ. ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಹೆಸರು, ಊರು, ವರ್ಷ ಬರೆಯಿರಿ. ಸ್ಮರಣ ಸಂಚಿಕೆಗೆಂದು ಬರುವ ಎಷ್ಟೋ ಫೋಟೋಗಳಲ್ಲಿ ಯಾರು ಯಾರೆಂದು ಹೇಳುವವರೇ ಇಲ್ಲದೆ ನಾವು ಬದಿಗಿಟ್ಟದ್ದುಂಟು. ಧರ್ಮಕೇಂದ್ರದ ಕಾರ್ಯದರ್ಶಿಗಳು ವರ್ಷಕ್ಕೆ ಹತ್ತು ಫೋಟೋಗಳನ್ನಾದರೂ ಪ್ರಿಂಟ್ ಹಾಕಿಸಿ ಕಚೇರಿಯ ಕಪಾಟಿನಲ್ಲಿಡಲಿ. ಖರ್ಚು ಹಬ್ಬದ ಪಟಾಕಿಯಷ್ಟೂ ಆಗದು.

ತಾಂಡವಪುರದ ಆ ಸಹೋದರಿಗೆ ಕೊನೆಗೂ ಅಮ್ಮನ ಫೋಟೋ ದೊರೆಯಿತು. ಮದುವೆಯ ಗ್ರೂಪ್ ಫೋಟೋದ ಇನ್ನೊಂದು ಪ್ರತಿ ಊರಿನಲ್ಲಿ ಚಿಕ್ಕಮ್ಮನ ಮನೆಯ ಚಾವಡಿಯ ಗೋಡೆಯ ಮೇಲಿತ್ತು. ಅದನ್ನು ಸ್ಕ್ಯಾನ್ ಮಾಡಿಸಿ ಮೂರು ಪ್ರಿಂಟ್ ಹಾಕಿಸಿದ್ದಾರಂತೆ, ಮೂರು ಮನೆಗೆ ಒಂದೊಂದು.