ನಿಮಗಿದು ಗೊತ್ತೇ? ಚಿಕ್ಕೋಡಿಯಲ್ಲಿ ಎಂಟೋ, ಹತ್ತೋ?

ನಿಪ್ಪಾಣಿಯಲ್ಲೊಂದು ಮದುವೆ. ವಿಡಿಯೊ ಐದು ಜಿಬಿ. 32 ಜಿಬಿ ಪೆನ್‌ಡ್ರೈವ್ ಖಾಲಿ ಇದೆ. ಆದರೂ ಫೈಲನ್ನು ಒಲ್ಲೆ ಅನ್ನುತ್ತದೆ! ಅದರೊಳಗೆ ಫೈಲುಗಳ ಲೆಕ್ಕ ಇಡುವ ‘ಫ್ಯಾಟ್32’ ಪದ್ಧತಿಯಲ್ಲಿ, ಒಂದು ಫೈಲಿನ ಗಾತ್ರ ಬರೆಯಲು ಇರುವುದು 32 ಬಿಟ್ ಜಾಗ. ಅದರಲ್ಲಿ ಹಿಡಿಸುವ ಅತಿ ದೊಡ್ಡ ಸಂಖ್ಯೆ 4,29,49,67,295. ಮೇಲೆ ಒಂದೇ ಒಂದು ಬೈಟ್ ಬಂದರೂ ಆಗದು!

ಈ ಫ್ಯಾಟ್ ವಂಶ ಹುಟ್ಟಿದ್ದು 1977ರಲ್ಲಿ. ಟಿವಿ, ಕ್ಯಾಮೆರಾ, ಕಾರಿನ ಸ್ಟೀರಿಯೊ ಇಂದಿಗೂ ಅದನ್ನು ಓದುತ್ತವೆ. ಅಷ್ಟು ಸರಳ!

ಫ್ಯಾಟ್32ರಲ್ಲಿ ಫೈಲು ತಿದ್ದಿದ ಸಮಯ ನೋಡಿ. ಸೆಕೆಂಡು ಯಾವಾಗಲೂ ಸಮಸಂಖ್ಯೆ! ಜಾಗ ಉಳಿಸಲು ಎರಡೆರಡು ಸೆಕೆಂಡಿನ ಲೆಕ್ಕ ಇಟ್ಟಿದ್ದಾರೆ.

ಕ್ಯಾಮೆರಾ ಕಾರ್ಡಿನ ಫೋಟೊ ಅಳಿಸಿದಿರಾ? ಫೋಟೊ ಅಲ್ಲೇ ಇರುತ್ತದೆ! ಫ್ಯಾಟ್ ತನ್ನ ಪಟ್ಟಿಯಲ್ಲಿ ಹೆಸರಿನ ಮೊದಲ ಬೈಟನ್ನು ಬದಲಿಸಿ, ಜಾಗ ಖಾಲಿ ಎಂದು ಗುರುತು ಹಾಕುತ್ತದೆ, ಅಷ್ಟೇ. ಕೈತಪ್ಪಿ ಅಳಿಸಿದ್ದರೆ ಆ ಕಾರ್ಡಿಗೆ ಹೊಸದೇನನ್ನೂ ತುಂಬಬೇಡಿ!

ಬರೆಯುತ್ತಿರುವಾಗಲೇ ಕರೆಂಟ್ ಹೋದರೆ? ಅದಕ್ಕೂ ಮದ್ದಿದೆ. ನಮ್ಮ ಅಂಗಡಿಗಳ ರೋಜಕಿರ್ದಿಯೇ ಆ ಮದ್ದು! ಮೊದಲು ಕಿರ್ದಿ, ಆಮೇಲೆ ಖಾತೆ. ಲಿನಕ್ಸ್‌ನ ‘ಇಎಕ್ಸ್‌ಟಿ2’ ಪದ್ಧತಿಗೆ ಇಂಥ ಕಿರ್ದಿ ಸೇರಿಸಿದ್ದೇ ‘ಇಎಕ್ಸ್‌ಟಿ3’. 2001ರಲ್ಲಿ ಬಂತು. ಕಿರ್ದಿ ತೆಗೆದರೆ ಮತ್ತೆ ಹಳೆಯ ಇಎಕ್ಸ್‌ಟಿ2! ಸೇರಿಸುವುದಾದರೆ ಹೀಗೆ ಸೇರಿಸಬೇಕು.

ಈಗ ಫೈಲಿಗೆ ನಮ್ಮೂರುಗಳ ಹೆಸರು ಇಟ್ಟು ನೋಡೋಣ. ಯೂನಿಕೋಡ್‌ನಲ್ಲಿ ಒತ್ತು, ಕೊಂಬು, ಗುಡಿಸು ಎಲ್ಲಕ್ಕೂ ಬೇರೆ ಬೇರೆ ಲೆಕ್ಕ. ಲಿನಕ್ಸ್‌ನಲ್ಲಿ ಒಂದೊಂದಕ್ಕೂ ಮೂರು ಬೈಟ್. ‘ಅಥಣಿ’ ಬರೀ 12 ಬೈಟ್. ‘ಕಾಗವಾಡ’, ‘ರಾಯಬಾಗ’ ತಲಾ 18. ‘ನಿಪ್ಪಾಣಿ’, ‘ಚಿಕ್ಕೋಡಿ’ ತಲಾ 24! ಫೈಲಿನ ಹೆಸರಿಗೆ ಅಲ್ಲಿ 255 ಬೈಟ್ ಮಿತಿ. ಇಂಗ್ಲಿಷಿಗೆ 255 ಅಕ್ಷರ ಸಿಕ್ಕರೆ ಕನ್ನಡಕ್ಕೆ 85 ಚಿಹ್ನೆ ಮಾತ್ರ!

ಅಸಲಿ ಬೆರಗು ಮುಂದಿದೆ. ಆಪಲ್‌ನ ಹಳೆಯ ‘ಎಚ್‌ಎಫ್‌ಎಸ್ ಪ್ಲಸ್’ ಪದ್ಧತಿ ಹೆಸರನ್ನು ಕೊಟ್ಟಂತೆ ಇಡುತ್ತಿರಲಿಲ್ಲ. ಬಿಡಿಸಿ ಇಡುತ್ತಿತ್ತು! ‘ಕ್ಕೋ’ದಲ್ಲಿರುವ ಓತ್ವ ಅಲ್ಲಿ ಮೂರು ತುಂಡು. ಎಂಟು ಚಿಹ್ನೆಯ ಚಿಕ್ಕೋಡಿ ಹತ್ತಾಗುತ್ತಿತ್ತು! ಉಳಿದ ನಾಲ್ಕೂ ಊರಿಗೆ ಈ ಫಜೀತಿ ಇಲ್ಲ. ಅವುಗಳಲ್ಲಿ ಓತ್ವವೇ ಇಲ್ಲವಲ್ಲ!

ಆ ಫೈಲನ್ನು ಲಿನಕ್ಸ್‌ಗೆ ತಂದರೆ? ಲಿನಕ್ಸ್ ಸಾಮಾನ್ಯವಾಗಿ ಹೆಸರು ಮುಟ್ಟುವುದಿಲ್ಲ, ಬಂದಂತೆ ಇಡುತ್ತದೆ. ಅಲ್ಲಿ ಮೊದಲೇ ಎಂಟು ಚಿಹ್ನೆಯದು ಇದ್ದರೆ, ಒಂದೇ ಫೋಲ್ಡರಿನಲ್ಲಿ ಎರಡು ‘ಚಿಕ್ಕೋಡಿ’! ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ!

ಹೆಸರನ್ನು ಕೊಟ್ಟಂತೆಯೇ ಇಡುವುದು ಮೇಲು. 2017ರಲ್ಲಿ ಬಂದ ‘ಎಪಿಎಫ್‌ಎಸ್’ನಲ್ಲಿ ಆಪಲ್ ಕೂಡ ಬಿಡಿಸುವುದನ್ನು ಬಿಟ್ಟಿತು. ಚಿಕ್ಕೋಡಿ ಈಗ ಅಲ್ಲೂ ಎಂಟೇ!